ಅಪ್ಪನ ಮೋಟಾರು ಯಾರಿಗೂ ತಾಗಿರಲಿಲ್ಲ

ಮನೆಗೆ ಮೋಟಾರು ಬಂದ ಮೇಲೆ ನಾವು ಎಲ್ಲಿಗೂ ಹೋಗದವರಾದೆವು. ಅದಕ್ಕೆ ಮುಂಚೆ ಹಾಗಿರಲಿಲ್ಲ. ಟಾಂಗಾ ಹಿಡಿದು ನದಿಯ ಕಡೆ ತಿರುಗಾಡಲು ಹೋಗುತ್ತಿದ್ದೆವು, ಪರ್ವತಿ ಗುಡ್ಡ ಹತ್ತಿ ಇಳಿಯುತ್ತಿದ್ದೆವು. ಎರಡು ಮೂರು ತಿಂಗಳಿಗೊಮ್ಮೆ ಅವ್ವ ನನ್ನನ್ನು ಕರೆದುಕೊಂಡು ಸರ್ವಿಸ್ ಮೋಟಾರಿನಲ್ಲಿ ಶಿರೂರಿಗೆ ತನ್ನ ಅಕ್ಕನನ್ನು ನೋಡಲು ಹೋಗುತ್ತಿದ್ದಳು. ಸರ್ವಿಸ್ ಮೋಟಾರು ಎಂದರೆ ಈಗ ನಾವು ಬಸ್ಸು ಅನ್ನುತ್ತೇವಲ್ಲ, ಅದೇ. ಆದರೆ ಆಗ ಅದರಲ್ಲಿ ಜನರ ಜೊತೆಗೆ ಕೋಳಿ, ಬದನೆಕಾಯಿ ಬುಟ್ಟಿ, ಒಮ್ಮೊಮ್ಮೆ ಮೇಕೆ ಮರಿಯೂ ಕೂತಿರುತ್ತಿತ್ತು. ಇದು ಯುದ್ಧಕ್ಕೆ ಮುಂಚಿನ ಮಾತು, ಪೆಟ್ರೋಲಿಗೆ ಇನ್ನೂ ರೇಷನ್ ಬಂದಿರಲಿಲ್ಲ.

ಅಪ್ಪ ವಕೀಲರು. ಧಾರವಾಡದ ಕಡೆಯಿಂದ ಓದಲಿಕ್ಕೆ ಪುಣೆಗೆ ಬಂದು ಇಲ್ಲೇ ಉಳಿದವರು. ಪೇಟೆಯ ಒಂದು ವಾಡೆಯಲ್ಲಿ, ನಾಲ್ಕಾರು ಸಂಸಾರಗಳಿದ್ದ ಹಳೆಯ ದೊಡ್ಡ ಮನೆಯಲ್ಲಿ, ನಮ್ಮ ಬಿಡಾರ. ಹೊರಗೆ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ದಂಡಿನವರಿದ್ದ ಕ್ಯಾಂಪಿನ ಒಬ್ಬ ಪಾರ್ಸಿ ಡಾಕ್ಟರರು ವಿಲಾಯತಿಗೆ ಹೋಗುವಾಗ ತಮ್ಮ ಹಳೆಯ ಮೋಟಾರನ್ನು ಅಪ್ಪನಿಗೆ ಮಾರಿದರು. ಅದು ಬಂದ ವಾರದಲ್ಲೇ ಅದರ ಹಿಂದೆ ವಿಮೆ ಏಜೆಂಟರೂ ಬಂದರು. ಬೆಳಗಾವಿಯವರು, ದೂರದ ಬೀಗರು ಬೇರೆ. ತೂಗುಮಂಚದ ಮೇಲೆ ಕೂತು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತ ಅಪ್ಪನಿಗೆ ವಿಮೆಯ ಮರ್ಮ ತಿಳಿಸಿದರು.

“ಇದರಾಗ ತಿಳೀಲಾರದ್ದು ಏನೂ ಇಲ್ರಿ ವಕೀಲ್ರ. ವರ್ಷ ತುಂಬೂತನಾ ನಿಮ್ಮ ಮೋಟಾರ ಯಾರಿಗೂ ಬಡೀಲಿಲ್ಲ, ನೀವು ಕಂಪನಿ ಬಾಗಿಲಿಗೆ ಬರಲಿಲ್ಲ ಅಂದ್ರ ಮುಂದಿನ ವರ್ಷದ ಪ್ರೀಮಿಯಂ ಇಳೀತದ. ಅದರ ಮುಂದಿನ ವರ್ಷ ಇನ್ನಷ್ಟು ಇಳೀತದ. ಒಮ್ಮೆ ಬಡೀತು ಅಂದ್ರ ಮತ್ತ ಮೊದಲಿನ ಜಾಗಾಕ್ಕ ಬಂದ್ರಿ. ಮ್ಯಾಲಿಂದ ಮ್ಯಾಲೆ ಬಡೀಲಿಕತ್ರ ಏರಸ್ತಾರ.”

“ಪೊಲೀಸರು ದಂಡ ಹಾಕಿದ್ರ?” ಎಂದು ಅಪ್ಪ ಕೇಳಿದರು.

“ಅದನ್ನೂ ಕೇಳ್ತಾರ್ರಿ. ದಂಡ ಕೊಟ್ಟಾಂವ ಇವತ್ತಿಲ್ಲ ನಾಳೆ ಯಾರಿಗರೆ ಬಡಿಯಾಂವನ ಅಂತ ಕಂಪನಿಯವರು ತಿಳ್ಕೊಂಡಾರ.”

ಬೇರೆಯವರಾಗಿದ್ದರೆ ಇದರಲ್ಲಿ ಉಳಿಯುವ ರೊಕ್ಕವನ್ನು ನೋಡುತ್ತಿದ್ದರು. ಅಪ್ಪ ರೊಕ್ಕಕ್ಕೆ ಬಾಯಿ ಬಿಡುವವರಲ್ಲ. ಅವರು ಅದರಲ್ಲಿ ಕಂಡದ್ದು ನಡತೆಯ ಸರ್ಟಿಫಿಕೇಟನ್ನು. ಮುಂಬಯಿಯಲ್ಲಿ ಕೂತ, ಅವರ ಮುಖವನ್ನೇ ನೋಡದ ಗೋರಾ ಸಾಹೇಬರ ಕಂಪನಿಯೊಂದು ವರ್ಷವರ್ಷವೂ ‘ಇವರು ತಪ್ಪು ಮಾಡದ ಮನುಷ್ಯ’ ಎಂದು ಬರೆದು ಕೊಡುತ್ತದೆ! ಮೊದಲ ವರ್ಷ ಪ್ರೀಮಿಯಂ ಇಳಿದಾಗ ಅಪ್ಪ ಅದನ್ನು ಕೋರ್ಟಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು, ಮಗನಿಗೆ ರ‍್ಯಾಂಕು ಬಂದವರ ಹಾಗೆ. ಅಲ್ಲಿಂದ ನಮ್ಮ ಮನೆಯ ಗ್ರಹಚಾರ ಕೆಟ್ಟಿತು.

ಮೋಟಾರನ್ನು ದಿನಕ್ಕೊಮ್ಮೆ ಶಿವಾಜಿನಗರದ ಕೋರ್ಟಿಗೆ ಒಯ್ಯುವುದು, ತರುವುದು, ಅಷ್ಟೆ. ಅದಕ್ಕಿಂತ ಹೆಚ್ಚು ಓಡಿಸಿದರೆ ಅಪಘಾತದ ಸಂಭವ ಹೆಚ್ಚುತ್ತದೆ ಎಂದು ಅಪ್ಪ ತರ್ಕ ಹೂಡಿದ್ದರು. ನನ್ನ ಶಾಲೆ ಅದೇ ದಾರಿಯಲ್ಲಿದ್ದುದರಿಂದ ಎಡಗಡೆಯ ಕಾವಲು ನನ್ನ ಪಾಲಿಗೆ ಬಂತು. ಬಲಗಡೆ ಅಪ್ಪ ನೋಡಿಕೊಳ್ಳುತ್ತಿದ್ದರು; ನಾನು ಎಡಗಡೆ ತಲೆ ಹೊರಗೆ ಹಾಕಿ “ಸೈಕಲ್ ಬಂತು”, “ಆಕಳ ಬಂತು”, “ಅಜ್ಜಿ ಬಂದ್ಲು” ಎಂದು ಒದರುತ್ತಿರಬೇಕು. ಮೋಟಾರು ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ ಆ ಅಜ್ಜಿ ನಮ್ಮ ಜೊತೆಗೇ ನಡೆಯುತ್ತ, ಯಾರ ಮಗಳು, ಯಾವ ಊರು, ಮದುವೆ ಯಾವಾಗ ಎಂದೆಲ್ಲ ನನ್ನನ್ನು ವಿಚಾರಿಸಿಕೊಂಡು ಮುಂದೆ ಹೋಗಿಬಿಡುತ್ತಿದ್ದಳು. ನನ್ನ ಗೆಳತಿಯರು ನಡೆದೇ ಶಾಲೆಗೆ ಹೋಗಿ, ನಾನು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿಸಿರುತ್ತಿದ್ದರು. ನಾಚಿಕೆಯಿಂದ ನಾನು ಹಿಡಿಯಷ್ಟಾಗುತ್ತಿದ್ದೆ.

ಇಷ್ಟಾದರೂ ಪುಣೆಯ ಗಲ್ಲಿಗಳಲ್ಲಿ ಯಾರಿಗೂ ತಾಗದೆ ಇರುವುದು ಸಾಧ್ಯವೆ? ಮೊದಲು ಒಂದು ಟಾಂಗಾದ ಗಾಲಿಗೆ ತಾಗಿತು. ಟಾಂಗಾದವನು ಇಳಿದು ಕೈ ಬೀಸಿ ಮಾತಾಡತೊಡಗಿದ. ಅಪ್ಪ ಅವನ ಹೆಗಲ ಮೇಲೆ ಕೈ ಹಾಕಿ, ಊಟದ ಹೊತ್ತಾಗಿದೆ, ಮನೆಗೆ ನಡೆ ಎಂದರು. ಊಟ ಮಾಡಿ ಎದ್ದ ಮನೆಯ ಮೇಲೆ ಯಾರೂ ಫಿರ್ಯಾದಿ ಕೊಡುವುದಿಲ್ಲ, ಇದು ಅವರು ಇಷ್ಟು ವರ್ಷ ಕೋರ್ಟಿನಲ್ಲಿ ಕಂಡುಕೊಂಡ ಸಂಗತಿಯಂತೆ. ಟಾಂಗಾದವನು ಅವ್ವ ಮಾಡಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು, ತನ್ನ ಕುದುರೆಗೂ ಎರಡು ರೊಟ್ಟಿ ಇಸಿದುಕೊಂಡು, ಅಪ್ಪನಿಗೆ ಕೈ ಮುಗಿದು ಹೋದ. ಫಿರ್ಯಾದಿ ಇಲ್ಲ ಎಂದ ಮೇಲೆ ಅಪಘಾತವೂ ಆಗಿಲ್ಲ. ಅಪ್ಪನ ಪ್ರಕಾರ ಮೋಟಾರು ಇನ್ನೂ ಯಾರಿಗೂ ತಾಗಿರಲಿಲ್ಲ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಬಡ ವಿದ್ಯಾರ್ಥಿಗಳು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರ ಹಚ್ಚಿಕೊಂಡು ಊಟ ಮಾಡಿ ಓದುತ್ತಿದ್ದ ಊರು ಇದು. ಒಂದು ವಾರದ ಮನೆ ತಪ್ಪಿದರೆ ಆ ದಿನ ಉಪವಾಸ. ಅಂಥ ಒಬ್ಬ ಗುರುವಾರ ತಪ್ಪಿದವನು ನಮ್ಮ ಓಣಿಯ ತಿರುವಿನಲ್ಲಿ ಕಾದು ನಿಂತು, ಮೋಟಾರು ಬಂದಾಗ ತನ್ನ ಸೈಕಲ್ಲನ್ನು ಮಡ್‌ಗಾರ್ಡಿಗೆ ಮೆತ್ತಗೆ ಒರಗಿಸಿ, ತಾನು ಅಷ್ಟೇ ಮೆತ್ತಗೆ ನೆಲದ ಮೇಲೆ ಕೂತುಬಿಟ್ಟ. ಅಪ್ಪ ಹೌಹಾರಿ ಅವನನ್ನು ಎಬ್ಬಿಸಿ ಮನೆಗೆ ತಂದರು. ಮುಂದಿನ ಗುರುವಾರ ಮತ್ತೆ ಅದೇ ತಿರುವು, ಅದೇ ಸೈಕಲ್ಲು. ಮೂರನೆಯ ಸಲಕ್ಕೆ ಅವ್ವನಿಗೆ ಎಲ್ಲ ತಿಳಿಯಿತು.

“ಏನಪಾ, ಗುರುವಾರ ಸೀದಾ ಮನಿಗೆ ಬಾ. ಬೀಳೂದು ಏಳೂದು ಯಾಕ?” ಎಂದು ಅವನಿಗೆ ಬಡಿಸುತ್ತ ಹೇಳಿದಳು.

ಅವನು ತಲೆ ತಗ್ಗಿಸಿ, “ಹಂಗ ಹೆಂಗ ಬರ್ಲಿ ಅವ್ವಾರ? ವಕೀಲರು ಕರದಿಲ್ಲಲ್ಲ,” ಎಂದ.

ಮರ್ಯಾದಸ್ಥ. ಕರೆಯದ ಮನೆಗೆ ಹೇಗೆ ಹೋಗುವುದು ಎಂದು ಗುರುವಾರಕ್ಕೊಮ್ಮೆ ಮೋಟಾರಿನ ಕೆಳಗೆ ಬೀಳುತ್ತಿದ್ದ. ಅವ್ವ ನಕ್ಕಳು. ಆ ವರ್ಷ ಅವಳು ನಕ್ಕದ್ದು ಕಡಿಮೆ.

ಯಾಕೆಂದರೆ ಶಿರೂರಿನಲ್ಲಿ ದೊಡ್ಡವ್ವನ ಕಣ್ಣು ಹೋಗುತ್ತಿದ್ದವು. ದೊಡ್ಡವ್ವನ ಗಂಡನದು ಅಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿ. ಮಾಲು ತೆಗೆದುಕೊಂಡು ಪುಣೆಗೆ ಬರುವ ಅಂಗಡಿಯವರು ನಮ್ಮಲ್ಲಿಗೂ ಬಂದು ಸುದ್ದಿ ಹೇಳಿ ಹೋಗುತ್ತಿದ್ದರು. ಪೊರೆಯಲ್ಲ, ಕಣ್ಣಿನ ನರವೇ ಒಣಗುತ್ತಿದೆ, ಕತ್ತರಿಸಿ ತೆಗೆಯುವಂಥದ್ದೇನೂ ಇಲ್ಲ ಎಂದು ಡಾಕ್ಟರರು ಕೈ ಚೆಲ್ಲಿದ್ದರು. ದೊಡ್ಡವ್ವ ಹೇಳಿ ಕಳಿಸಿದ್ದು ಒಂದೇ ಮಾತು: “ಬೆಳಕು ಇರೂದರಾಗ ಒಮ್ಮೆ ಬಂದು ಮಾರಿ ತೋರಿಸಿ ಹೋಗು ಅನ್ರಿ.” ಅವ್ವ ತಾಯಿಯನ್ನು ಕಂಡವಳಲ್ಲ. ಅವಳನ್ನು ಎತ್ತಿ ಆಡಿಸಿ, ಜಡೆ ಹಾಕಿ, ಮದುವೆಯಾಗುವವರೆಗೆ ಬೆಳೆಸಿದವಳು ಈ ಅಕ್ಕ.

“ಹೋಗೂಣು,” ಅಂದರು ಅಪ್ಪ. “ಬ್ಯಾಡ ಅಂದೆನೇನು? ವಿಮೆ ವರ್ಷ ಮುಗೀಲಿಕ್ಕೆ ಬಂದದ. ಅದೊಂದು ಆಗಿಬಿಡ್ಲಿ. ಅಹಮದನಗರದ ರಸ್ತೆದಾಗ ಎತ್ತಿನ ಗಾಡಿ ಭಾಳ.”

ವಿಮೆ ವರ್ಷ ಮುಗಿಯಿತು, ಪ್ರೀಮಿಯಂ ಇನ್ನಷ್ಟು ಇಳಿಯಿತು. ಅವ್ವ ಮತ್ತೆ ಕೇಳಿದಳು.

“ಈಗರೆ ಹೊಸ ವರ್ಷ ಸುರು ಆಗೇದ. ಸುರುವಿಗೇ ಕೆಡಿಸಿಕೊಂಡ್ರ ಹೆಂಗ? ಒಂದೀಟು ತಡಿ.”

“ಹಂಗಾರ ನಾ ಸರ್ವಿಸ್ ಮೋಟಾರಿನಾಗ ಹೋಗಿ ಬರ್ತೇನಿ.”

“ಮನಿ ಮುಂದ ಮೋಟಾರ ನಿಂತಿರೂವಾಗ ವಕೀಲರ ಹೆಂಡತಿ ಬದನೀಕಾಯಿ ಬುಟ್ಟಿ ಜೋಡಿ ಹೋದ್ಲಂದ್ರ ಮಂದಿ ಏನಂತಾರ?”

ಹೀಗೆ ಮೋಟಾರು ಇದ್ದುದರಿಂದ ಬಸ್ಸಿನಲ್ಲಿ ಹೋಗುವಂತಿಲ್ಲ, ವಿಮೆ ಇದ್ದುದರಿಂದ ಮೋಟಾರಿನಲ್ಲಿ ಹೋಗುವಂತಿಲ್ಲ. ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಒಂದು ದಿನ ಎಡಗಡೆ ಆಕಳು ಬಂದರೂ ಬಾಯಿ ಬಿಡದೆ ಕೂತುಬಿಡೋಣ ಅನ್ನಿಸುತ್ತಿತ್ತು. ಆಕಳ ಮುಖ ನೋಡಿ ಸುಮ್ಮನಾಗುತ್ತಿದ್ದೆ.

ಅಷ್ಟರಲ್ಲಿ ಪೊಲೀಸರದೊಂದು ಶುರುವಾಯಿತು. ಲಕ್ಷ್ಮಿ ರಸ್ತೆಯಲ್ಲಿ ಸಂಜೆ ನಾವು ಬರುತ್ತಿದ್ದಾಗ ಪೊಲೀಸಿನವನು ಅಡ್ಡ ಕೈ ಹಿಡಿದ. ವೇಗ ಹೆಚ್ಚಾಯಿತೆಂದಲ್ಲ. ನಮ್ಮ ಹಿಂದೆ ಟಾಂಗಾ, ಸೈಕಲ್ಲು, ಒಂದು ಮದುವೆಯ ದಿಬ್ಬಣ, ಬ್ಯಾಂಡಿನವರು, ಎಲ್ಲ ಸಾಲುಗಟ್ಟಿ ನಿಂತು ಕೂಗಾಡುತ್ತಿದ್ದರು. ನಿಧಾನವಾಗಿ ಹೋಗಿ ದಾರಿಗೆ ಅಡ್ಡಿ ಮಾಡಿದ್ದಕ್ಕೆ ಅಪ್ಪನ ಮೇಲೆ ಖಟ್ಲೆ ಹಾಕಿದರು. ಉಳಿದವರಾದರೆ ಆ ಚಿಲ್ಲರೆ ದಂಡವನ್ನು ಬಿಸಾಕಿ ಮನೆಗೆ ಬರುತ್ತಿದ್ದರು. ಅಪ್ಪ ದಂಡ ಕಟ್ಟಿದರೆ ಏಜೆಂಟರಿಗೆ ಹೇಳಬೇಕಾಗುತ್ತದೆ, ಕಂಪನಿಯವರು ಮುಂದೆ ಬಡಿಯುವವರ ಸಾಲಿನಲ್ಲಿ ತಮ್ಮನ್ನು ಕೂಡಿಸುತ್ತಾರೆ! ಖೂನಿ ಖಟ್ಲೆಗೆ ತಯಾರಾದ ಹಾಗೆ ದಪ್ಪ ದಪ್ಪ ಪುಸ್ತಕ ತೆಗೆದು ಕೂತರು. ತೀರ್ಪು ಆಗುವವರೆಗೆ ಮೋಟಾರು ವಾಡೆಯ ಅಂಗಳ ಬಿಡುವ ಹಾಗಿಲ್ಲ, ಅದು ನ್ಯಾಯದ ಮುಂದಿರುವ ವಸ್ತು ಎಂದು ತಾವೇ ತೀರ್ಮಾನಿಸಿ ಅದಕ್ಕೆ ಒಂದು ಧೋತರ ಹೊದಿಸಿದರು. ಕೋರ್ಟಿಗೆ ಟಾಂಗಾದಲ್ಲಿ ಹೋಗತೊಡಗಿದರು. ಗುರುವಾರದ ಹುಡುಗ ಓಣಿಯ ತಿರುವಿನಲ್ಲಿ ಕಾದು ಕಾದು, ಕೊನೆಗೆ ಅಂಗಳಕ್ಕೇ ಬಂದು, ನಿಂತ ಮೋಟಾರಿಗೆ ಸೈಕಲ್ಲು ತಾಗಿಸಿ ಒಳಗೆ ಬಂದು ಎಲೆಯ ಮುಂದೆ ಕೂತ.

ತಾರೀಖಿನ ಮೇಲೆ ತಾರೀಖು ಬಿತ್ತು. ಕೊನೆಗೆ ಮ್ಯಾಜಿಸ್ಟ್ರೇಟರು, ಅಷ್ಟೇನು ನಿಧಾನ, ಓಡಿಸಿ ತೋರಿಸಿ ಎಂದು ಕೋರ್ಟಿನ ಅಂಗಳಕ್ಕೆ ಇಳಿದು ಬಂದರು. ಅಪ್ಪ ಮೋಟಾರು ನಡೆಸಿದರು. ಮ್ಯಾಜಿಸ್ಟ್ರೇಟರು ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆದರು. ಆಲದ ಮರದ ಹತ್ತಿರ ಮೋಟಾರನ್ನು ಹಿಂದೆ ಹಾಕಿ, ಅಲ್ಲೇ ತಿರುಗಿ ನಿಂತು ಅದು ಬರುವುದನ್ನು ಕಾದರು. ದಂಡ ಹಾಕಲಿಲ್ಲ. ಇನ್ನು ಮುಂದೆ ದಯವಿಟ್ಟು ಸ್ವಲ್ಪ ಜೋರಾಗಿ ಹೋಗಬೇಕೆಂದು ಹೇಳಿ ಬಿಟ್ಟುಬಿಟ್ಟರು. ಅಪ್ಪ ಪೇಢೆ ತೆಗೆದುಕೊಂಡು ಮನೆಗೆ ಬಂದರು.

ಅದೇ ಸಂಜೆ ಶಿರೂರಿನ ಅಂಗಡಿಯವನೊಬ್ಬ ಬಂದಿದ್ದ. ಅವ್ವನ ಕೈಗೆ ಬೆಲ್ಲದ ಗಂಟು ಕೊಟ್ಟು, “ನಿಮ್ಮ ಅಕ್ಕಾರು ಈಗ ತಂಬಿಗೀ ಒಳಗ ಬಟ್ಟು ಅದ್ದಿ ನೋಡಿ ನೀರು ತುಂಬೇದೋ ಇಲ್ಲೋ ತಿಳಕೋತಾರ್ರಿ,” ಎಂದ. ಅವ್ವ ಅಳಲಿಲ್ಲ. ಅಪ್ಪ ಪೇಢೆ ಮುಂದೆ ಹಿಡಿದಾಗ ತೆಗೆದುಕೊಳ್ಳದೆ ಅಡಿಗೆಮನೆಗೆ ಹೋಗಿ ಶೇಂಗಾ ಹುರಿಯತೊಡಗಿದಳು. ದೊಡ್ಡವ್ವನಿಗೆ ಶೇಂಗಾ ಹೋಳಿಗೆ ಅಂದರೆ ಪ್ರಾಣ.

ಬೆಳಿಗ್ಗೆ ಎದ್ದಾಗ ಅವ್ವ ಹೋಳಿಗೆಯ ಗಂಟು ಕಟ್ಟಿ, ಸೀರೆ ಉಟ್ಟು ನಿಂತಿದ್ದಳು. ನನಗೆ ಚಪ್ಪಲಿ ಮೆಟ್ಟಿಕೋ ಅಂದಳು.

“ಎಲ್ಲಿಗೆ?” ಅಂದರು ಅಪ್ಪ.

“ಶಿರೂರಿಗೆ. ಸರ್ವಿಸ್ ಮೋಟಾರಿಗೆ.”

“ಮನಿಯಾಗ ಮೋಟಾರ ಇದ್ದು…”

“ಅದು ಇರಲಿ ಬಿಡ್ರಿ. ಅದಕ್ಕೇನೂ ಆಗಬಾರದು,” ಅಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

ಶಿವಾಜಿನಗರದಲ್ಲಿ ಬಸ್ಸು ಹತ್ತಿ ನಾವು ಹಿಂದಿನ ಸೀಟಿನಲ್ಲಿ ಕೂತೆವು. ಯರವಡೆ ದಾಟಿದ ಮೇಲೆ ನಾನು ಹಿಂದಿರುಗಿ ನೋಡಿದರೆ ಧೂಳಿನಲ್ಲಿ ನಮ್ಮ ಮೋಟಾರು. ಅಪ್ಪ ಒಬ್ಬರೇ, ಕರಿ ಕೋಟು, ರುಮಾಲು, ಕೋರ್ಟಿಗೆ ಹೊರಟ ವೇಷದಲ್ಲೇ ಬಸ್ಸಿನ ಬೆನ್ನು ಹತ್ತಿದ್ದರು. ಹೆಂಡತಿ ಬಸ್ಸಿನಲ್ಲಿ ಹೋದಳೆಂಬ ಮಾತು ಬರಬಾರದು, ಅವಳನ್ನು ಇಳಿಸಿ ಮೋಟಾರಿಗೆ ಹತ್ತಿಸಿಕೊಳ್ಳಬೇಕು. ಅದಕ್ಕೆ ಬಸ್ಸನ್ನು ಹಿಂದೆ ಹಾಕಬೇಕು. ಆದರೆ ಹಿಂದೆ ಹಾಕುವುದು ಅಪಾಯದ ಕೆಲಸ. ಹಾಗಾಗಿ ಹಿಂದೆಯೇ ಬರುತ್ತಿದ್ದರು. ಜೀವಮಾನದಲ್ಲೇ ಅವರು ಅಷ್ಟು ಜೋರಾಗಿ ಓಡಿಸಿರಲಿಲ್ಲ. ಬಸ್ಸಿನಲ್ಲಿ ತಲೆಗೊಂದು ಮಾತು ಹುಟ್ಟಿತು. ಒಬ್ಬ ಸಾಲ ವಸೂಲಿಯವನು ಅಂದ, ಇನ್ನೊಬ್ಬ ಸಿಐಡಿ ಅಂದ. ಸಿಐಡಿ ಎಂದದ್ದೇ ತಡ, ಮುಂದೆ ಕೂತಿದ್ದ ಖಾದಿ ಟೋಪಿಯವರು ಎದ್ದು ಬಂದು ನಮ್ಮ ಕಿಟಕಿಯಿಂದ ಅಪ್ಪನಿಗೆ ಕೈ ಮುಗಿದು ತಾವು ಹೆದರುವುದಿಲ್ಲ ಎಂದು ತೋರಿಸಿ ಹೋದರು. ಅಪ್ಪ ಅವರಿಗೂ ನಮಸ್ಕಾರ ಮಾಡಿದರು. ಅವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ.

ಶಿಕ್ರಾಪುರ ಹತ್ತಿರ ಬಂದಾಗ ಅಪ್ಪ ಒಂದು ಕೈ ಹೊರಗೆ ಹಾಕಿ, ಇಳಿಯಿರಿ, ಇಳಿಯಿರಿ ಎಂದು ನನಗೆ ಸನ್ನೆ ಮಾಡತೊಡಗಿದರು. ನಾನೂ ಬಸ್ಸಿನೊಳಗಿಂದ ಆಗುವುದಿಲ್ಲ ಎಂದು ಸನ್ನೆ ಮಾಡುತ್ತಿದ್ದೆ. ಅಷ್ಟರಲ್ಲಿ ದಾರಿಗೆ ಅಡ್ಡ ಕುರಿಮಂದೆ ಬಂತು. ಬಸ್ಸು ಗಕ್ಕನೆ ನಿಂತಿತು. ಮೋಟಾರು ನಿಲ್ಲಲಿಲ್ಲ. ಬಸ್ಸಿನ ಹಿಂದಿದ್ದ ಕಬ್ಬಿಣದ ಏಣಿ ಸೊಟ್ಟಗಾಯಿತು, ಮೇಲಿದ್ದ ಬದನೆಕಾಯಿ ಬುಟ್ಟಿ ಮೋಟಾರಿನ ಚಾವಣಿಯ ಮೇಲೆ ಸುರಿಯಿತು, ಮೋಟಾರಿನ ಮೂತಿಯಿಂದ ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಒಂದು ಕೋಳಿ ಮಾತ್ರ ಕಾರಣವಿಲ್ಲದೆ ಅರ್ಧ ತಾಸು ಕೂಗಿತು.

ಜನ ಇಳಿದರು. ಬಸ್ಸಿನ ಡ್ರೈವರು ಏಣಿ ನೋಡಿ ತಲೆ ಮೇಲೆ ಕೈ ಹೊತ್ತ. ಹತ್ತಿರದ ಠಾಣೆಯಿಂದ ಹವಾಲ್ದಾರನೂ ನಡೆದುಕೊಂಡು ಬಂದ. ಅಪ್ಪ ರುಮಾಲು ಸರಿಮಾಡಿಕೊಂಡು ನೇರ ಅವ್ವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಆ ಗಂಟಿನಾಗ ಏನದ? ಹೋಳಿಗಿ ಅಲ್ಲೇನು? ಇವರಿಗೆಲ್ಲ ಒಂದೊಂದು ಹಂಚಿಬಿಡು,” ಅಂದರು.

ಅವ್ವ ಗಂಟನ್ನು ಸೆರಗಿನೊಳಗೆ ಎಳೆದುಕೊಂಡಳು.

“ಇದು ಅಕ್ಕಗ ಮಾಡಿದ್ದರಿ.”

“ತಿಳೀತು. ಆದ್ರ ಈಗ ಇವರು ಫಿರ್ಯಾದಿ ಕೊಟ್ರ…”

“ಕೊಡ್ಲಿ.”

ಹವಾಲ್ದಾರ ತಪ್ಪು ಯಾರದು ಎಂದು ವಿಚಾರಿಸತೊಡಗಿದ. ಡ್ರೈವರು ಮೋಟಾರಿನವರದು ಅಂದ. ಅಪ್ಪ ಕುರಿಗಳದು ಅಂದರು. ಕುರಿಯವನು ಬಸ್ಸಿನದು ಅಂದ. ಉಳಿದವರು ಯಾರಿಗೆ ಯಾರು ಕಂಡರೋ ಅವರ ಹೆಸರು ಹೇಳಿದರು. ಹವಾಲ್ದಾರ ಸುತ್ತ ನೋಡಿ, ಗಂಟು ಹಿಡಿದು ಸುಮ್ಮನೆ ನಿಂತ ಅವ್ವನ ಕಡೆ ತಿರುಗಿ, “ತುಮ್ಹೀ ಸಾಂಗಾ ಬಾಯಿ, ಚೂಕ ಕೋಣಾಚಿ?” ಎಂದ. ನೀವು ಹೇಳಿ, ತಪ್ಪು ಯಾರದು?

“ಹ್ಯಾಂಚಿ,” ಅಂದಳು ಅವ್ವ, ಇವರದು ಎಂದು. ಅಪ್ಪನ ಕಡೆ ಕೈ ಮಾಡಿ ತೋರಿಸಿದಳು.

ಮನೆಯಲ್ಲಿ ಅವ್ವ ಎಂದೂ ಅಪ್ಪನಿಗೆ ಎದುರಾಡಿದವಳಲ್ಲ. ಈಗ ನಡುರಸ್ತೆಯಲ್ಲಿ, ಸರಕಾರದ ಮುಂದೆ, ಕುರಿಮಂದೆಯ ಸಮಕ್ಷಮ ಹೇಳಿದಳು. ಈ ಬಾಯಿ ನಿಮ್ಮ ಪೈಕಿಯೇ ಎಂದು ಹವಾಲ್ದಾರ ಕೇಳಿದ್ದಕ್ಕೆ ಹೌದು, ನಮ್ಮ ಮನೆಯವರು ಅಂದರು. ಹವಾಲ್ದಾರ ಅಪ್ಪನನ್ನು ಕನಿಕರದಿಂದ ನೋಡಿ ಎಲ್ಲ ಬರೆದುಕೊಂಡ.

ಮೋಟಾರು ಮುಂದೆ ಹೋಗುವಂತಿರಲಿಲ್ಲ. ಅದನ್ನು ತಳ್ಳಿ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಕಳವಾದರೆ ಅದೂ ಒಂದು ಕ್ಲೇಮು ಎಂದು ಅಪ್ಪ ಕೈಗೆ ಬಿಚ್ಚಿ ಬಂದದ್ದನ್ನೆಲ್ಲ ಬಿಚ್ಚಿಕೊಂಡರು: ಸ್ಟಾರ್ಟ್ ಮಾಡುವ ಹ್ಯಾಂಡಲ್ಲು ಮತ್ತು ರಬ್ಬರಿನ ಉಂಡೆ ಇದ್ದ ಹಿತ್ತಾಳೆಯ ಹಾರ್ನು. ಎರಡನ್ನೂ ಪಂಚೆಯೊಂದರಲ್ಲಿ ಸುತ್ತಿ, ಬೇರೆ ದಾರಿಯಿಲ್ಲದೆ ಬಸ್ಸು ಹತ್ತಿದರು. ಗಂಡಸರ ನಡುವೆ, ಮತ್ತೆ ತುಂಬಿದ ಬದನೆಕಾಯಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನನಗೆ ಅವರನ್ನು ನೋಡಿ ನಗು ಬರಬೇಕಿತ್ತು, ಬರಲಿಲ್ಲ.

ದೊಡ್ಡವ್ವ ಪಡಸಾಲೆಯಲ್ಲಿ ಬೆಳಕಿಗೆ ಮುಖ ಮಾಡಿ ಕೂತಿದ್ದಳು. ಅವ್ವ ಓಡಿ ಹೋಗಿ ಅವಳ ಮುಂದೆ ಮೊಣಕಾಲೂರಿ ಕೂತು, “ಅಕ್ಕಾ, ನಾ ಬಂದೆ, ನೋಡು,” ಅಂದಳು. ದೊಡ್ಡವ್ವ ಹತ್ತಿರಕ್ಕೆ ಬಾಗಿದಳು, ಇನ್ನೂ ಹತ್ತಿರಕ್ಕೆ, ಮೂಗಿಗೆ ಮೂಗು ತಾಗುವಷ್ಟು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

“ಕುಂಕುಮ ಕಾಣ್ತದ,” ಅಂದಳು. “ಕೆಂಪಗ, ಅಷ್ಟ ಕಾಣ್ತದ. ಮಾರಿ ಕಾಣವಲ್ದು ತಂಗಿ. ಹೋದ ತಿಂಗಳ ಬಂದಿದ್ರ ಕಾಣತಿತ್ತೇನೋ.”

ಅವ್ವ ಅವಳ ಕೈ ಎತ್ತಿ ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅಲ್ಲೇ ನಿಂತರು. ನಾನು ಅವರ ಮುಖ ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ.

“ಹೆಂಗ ಬಂದ್ರಿ?” ಎಂದು ದೊಡ್ಡವ್ವ ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

“ಇವರ ಮೋಟಾರಿನಾಗ,” ಅಂದಳು ಅವ್ವ. “ನಿನ್ನ ಸುದ್ದಿ ಕೇಳಿದ್ದ ತಡ, ನಡಿ ನಡಿ ಅಂತ ಗಡಿಬಿಡಿ ಮಾಡಿ ಇವರ ಕರಕೊಂಡು ಬಂದ್ರು.”

ಬೆಳಿಗ್ಗೆ ಹವಾಲ್ದಾರನ ಮುಂದೆ ಸತ್ಯ ಹೇಳಿದ ಅದೇ ಬಾಯಿ. ಮತ್ತೊಬ್ಬರ ಮಾತಿನಲ್ಲಿ ಒಂದು ಹುಸಿ ಕಂಡರೂ ಎದ್ದು ನಿಂತು ತಕರಾರು ತೆಗೆಯುವ ಅಪ್ಪ ಈಗ ಪಂಚೆಯ ಗಂಟನ್ನು ಬಗಲಿಗೆ ಒತ್ತಿಕೊಂಡರು.

“ಮೋಟಾರಿನಾಗ,” ಎಂದು ದೊಡ್ಡವ್ವನ ಮುಖ ಅರಳಿತು. “ನಮ್ಮ ಬಾಗಿಲಿಗೆ ಯಾರ ಮೋಟಾರೂ ಬಂದಿದ್ದಿಲ್ಲ. ನೋಡಲಿಕ್ಕಂತೂ ಆಗಂಗಿಲ್ಲ. ಒಮ್ಮೆ ಬಾರಸ್ತೀರೇನ್ರಿ, ಕೇಳ್ತೇನಿ.”

ಅಪ್ಪ ಪಂಚೆಯ ಗಂಟು ಹಿಡಿದು ಮೆಲ್ಲಗೆ ಹೊರಗೆ ಹೋದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಖಾಲಿ ಬೀದಿಯ ನಡುವೆ, ಮೋಟಾರು ನಿಲ್ಲಬೇಕಾದ ಜಾಗದಲ್ಲಿ ನಿಂತು, ಗಂಟು ಬಿಚ್ಚಿ, ಹಾರ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಒತ್ತಿದರು. ಓಣಿಯ ತುಂಬ ಸದ್ದಾಯಿತು. ದೊಡ್ಡವ್ವ ಅತ್ತ ಮುಖ ತಿರುಗಿಸಿ ತಲೆದೂಗಿದಳು.

“ಚೊಲೊ ಮೋಟಾರ ಅದ,” ಅಂದಳು. “ಎಲ್ಲೂ ಬಡದಿಲ್ಲಲ್ಲ?”

“ಇಲ್ಲಕ್ಕಾ,” ಅಂದಳು ಅವ್ವ.

ಹೊರಗೆ ಅಪ್ಪ ಇನ್ನೊಮ್ಮೆ ಒತ್ತಿದರು.